ಅಪ್ಪಯ್ಯನ ಮೇಲುದುರು

ಮೇಲುದುರು ಎಂಬ ಮಾತನ್ನು ನಿಘಂಟಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಅದು ನಮ್ಮ ಮನೆಯಲ್ಲಿ ಹುಟ್ಟಿ ನಮ್ಮ ಮನೆಯಲ್ಲೇ ಸತ್ತ ಮಾತು. ಪಾಯಸ, ಹಲ್ವ, ಕೇಸರಿಬಾತು, ಹೊಟೇಲಿನ ಐಸ್‌ಕ್ರೀಮು, ಇವುಗಳ ಮೇಲೆ ಕೊನೆಯಲ್ಲಿ ಹುರಿದದ್ದೋ ಕುಟ್ಟಿದ್ದೋ ಏನೋ ಒಂದಿಷ್ಟು ಉದುರಿಸುತ್ತಾರಲ್ಲ, ಅದಕ್ಕೆ ನನ್ನ ಅಪ್ಪಯ್ಯ ಇಟ್ಟ ಹೆಸರು. ಅಪ್ಪಯ್ಯ ಮದರಾಸಿನ ಎಗ್ಮೋರ್ ಸ್ಟೇಷನ್ನಿನ ಹತ್ತಿರ ನಮ್ಮ ಕಡೆಯವರೇ ನಡೆಸುತ್ತಿದ್ದ ಒಂದು ಹೊಟೇಲಿನಲ್ಲಿ ಸರಕು ಮಾಸ್ಟರ್ ಆಗಿದ್ದರು; ಸರಕು ಎಂದರೆ ಅಲ್ಲಿನ ಹೊಟೇಲು ಭಾಷೆಯಲ್ಲಿ ಸಿಹಿತಿಂಡಿ, ಕರಿದ ತಿಂಡಿ. ಕುಂದಾಪುರದ ಕಡೆಯಿಂದ ಮೀಸೆ ಚಿಗುರುವ ಮೊದಲೇ ಲೋಟ ತೊಳೆಯಲು ಬಂದವರು, ಇಪ್ಪತ್ತು ವರ್ಷ ಸವೆಸಿ ಬಾಣಲೆಯ ಮುಂದೆ ನಿಂತಿದ್ದರು. ಐಸ್‌ಕ್ರೀಮು ಯಾರು ಬೇಕಾದರೂ ಮಾಡುತ್ತಾರೆ, ಜನ ಬರುವುದು ಅದರ ಮೇಲಿನ ನನ್ನ ಉದುರಿಗೆ ಎಂದು ಹೇಳಿಕೊಳ್ಳುತ್ತಿದ್ದರು. ಜಂಬ ಅನ್ನಿ, ಸುಳ್ಳಂತೂ ಆಗಿರಲಿಲ್ಲ. ಹೊಟೇಲಿನ ಅಡುಗೆಮನೆಯ ಗಲಾಟೆಯಲ್ಲಿ ಇಂಥ ಸೂಕ್ಷ್ಮದ ಕೆಲಸ ಆಗುವುದಿಲ್ಲವೆಂದು ಧಣಿಗಳು ಅದನ್ನು ಮನೆಯಲ್ಲೇ ಮಾಡಿ ತರಲು ಒಪ್ಪಿದ್ದರು. ಹಾಗಾಗಿ ನನ್ನ ಬಾಲ್ಯವೆಲ್ಲ ತುಪ್ಪದಲ್ಲಿ ಹುರಿದ ಕೊಬ್ಬರಿಯ ವಾಸನೆಯೊಳಗೆ ಕಳೆಯಿತು. ಆ ವಾಸನೆ ಈಗ ಎಲ್ಲಾದರೂ ಬಂದರೆ ನಾನು ಆ ಜಾಗ ಬಿಟ್ಟು ಎದ್ದು ಹೋಗುತ್ತೇನೆ.

ನಾವಿದ್ದದ್ದು ಸ್ಟೇಷನ್ನಿನ ಹಿಂದಿನ ಗಲ್ಲಿಯ ಒಂದು ಸ್ಟೋರಿನಲ್ಲಿ. ಮದರಾಸಿನಲ್ಲಿ ವಠಾರವನ್ನು ಹಾಗೆ ಕರೆಯುತ್ತಿದ್ದರು: ಉದ್ದನೆಯ ಒಂದು ಓಣಿ, ಎರಡೂ ಬದಿಗೆ ಒಂದು ಕೋಣೆ ಒಂದು ಅಡುಗೆಮನೆಯ ಬಿಡಾರಗಳು, ತುದಿಯಲ್ಲಿ ಎಲ್ಲರಿಗೂ ಸೇರಿದ ಒಂದೇ ನಲ್ಲಿ. ಇಂಜಿನ್ನುಗಳ ಮಸಿ ದಿನವಿಡೀ ಮಾಳಿಗೆಯ ಮೇಲೆ ಉದುರುತ್ತಿತ್ತು. ಅಲ್ಲಿ ನಾವು ಒಣಗಲು ಹಾಕಿದ್ದಕ್ಕೆಲ್ಲ ಅಮ್ಮನ ಹಳೆಯ ಸೀರೆ ಹೊದಿಸಬೇಕು, ಕಾಯುತ್ತ ಕೂರಬೇಕು. ಹಾಗೆ ಒಣಗಲು ಹಾಕುತ್ತಿದ್ದದ್ದಾದರೂ ಏನು? ಹೊಟೇಲಿನಲ್ಲಿ ಹಣ್ಣು ಹೆಚ್ಚಿ ಎಸೆಯುವ ಕರಬೂಜದ ಬೀಜ. ಅದನ್ನು ಬೂದಿಯಲ್ಲಿ ತಿಕ್ಕಿ ತೊಳೆದು, ಒಣಗಿಸಿ, ಒಂದೊಂದನ್ನೇ ಉಗುರಿನಿಂದ ಸುಲಿದರೆ ಒಳಗೆ ಹಾಲಿನ ಬಣ್ಣದ ತಿರುಳು. ನನ್ನ ಹೆಬ್ಬೆರಳಿನ ಉಗುರು ಯಾವಾಗಲೂ ಎದ್ದೇ ಇರುತ್ತಿತ್ತು. ಮಿಕ್ಕದ್ದೆಲ್ಲ ಯಾರ ಮನೆಯ ಡಬ್ಬಿಯಲ್ಲೂ ಇರುವಂಥದ್ದು. ಕೊಬ್ಬರಿಯನ್ನು ಅಡಕತ್ತರಿಯಲ್ಲಿ ತೆಳ್ಳಗೆ ಕತ್ತರಿಸಿ ಕೆಂಪಗೆ ಹುರಿಯುವುದು. ಎಳ್ಳು ಬೆಲ್ಲ ಗಟ್ಟಿ ಪಾಕಕ್ಕೆ ತಂದು ಕಲ್ಲಿನ ಮೇಲೆ ಸುರಿದು, ಆರಿದ ಮೇಲೆ ಕುಟ್ಟುವುದು. ಹುರಿಗಡಲೆಯ ಹಿಟ್ಟಿಗೆ ಏಲಕ್ಕಿ ಸಕ್ಕರೆ. ಹಳೆಯ ಬ್ರೆಡ್ಡಿನ ಅಂಚನ್ನು ಪುಡಿ ಮಾಡಿ ತುಪ್ಪದಲ್ಲಿ ಹುರಿದು ಸಕ್ಕರೆ ಹಾಕಿ ಅದಕ್ಕೆ ಬೊಂಬಾಯಿ ಪುಡಿ ಎಂದು ಹೆಸರಿಟ್ಟಿದ್ದರು. ಬ್ರೆಡ್ಡು ಅಮ್ಮನ ಅಡುಗೆಮನೆಯ ಹೊಸಿಲು ದಾಟುವ ಹಾಗಿರಲಿಲ್ಲವಾದ್ದರಿಂದ ಅದೊಂದಕ್ಕೆ ಓಣಿಯಲ್ಲಿ ಬೇರೆ ಒಲೆ. ಪಪ್ಪಾಯಿಕಾಯಿಯನ್ನು ಸಣ್ಣ ಚೌಕ ಹೆಚ್ಚಿ, ಮೆತ್ತಗಾಗದಿರಲೆಂದು ಪಟಿಕದ ನೀರಿನಲ್ಲಿ ನೆನೆಸಿ, ಆಮೇಲೆ ಸಕ್ಕರೆ ಪಾಕದಲ್ಲಿ ಕೆಂಪು ಹಸಿರು ಬಣ್ಣ ಕಟ್ಟುತ್ತಿದ್ದರು. ಆ ಪಟಿಕವೇ ಮಳೆಗಾಲದಲ್ಲಿ ನಲ್ಲಿಯ ನೀರು ಕದಡಿ ಬಂದಾಗ ಕೊಡದಲ್ಲಿ ಆಡಿಸುವುದಕ್ಕೂ ಆಗುತ್ತಿತ್ತು. ಎಲ್ಲದರ ಕೊನೆಗೆ ಕಲ್ಲುಸಕ್ಕರೆ: ಹರಳು ಹರಳಾಗಿ ಒಡೆದು ಬೆರೆಸಿದರೆ ಬೆಳಕಿಗೆ ಮಿಣಮಿಣ ಎನ್ನುತ್ತಿತ್ತು.

ನನಗೆ ಎಂಟು ತುಂಬಿದ ವರ್ಷ ನಮ್ಮ ಸ್ಟೋರಿಗೆ ಟೈಫಾಯಿಡ್ ಬಂತು. ಇನ್ನೂ ಮೊಲೆ ಬಿಡದ ನನ್ನ ತಮ್ಮ ಒಂಬತ್ತನೆಯ ದಿನ ಹೋದ. ಅಪ್ಪಯ್ಯ ಮೂರು ವಾರ ಮಲಗಿ ಎದ್ದರು. ಎದ್ದ ದಿನ ಅಮ್ಮ ಗಂಜಿಗೆ ಮಾವಿನಮಿಡಿ ಉಪ್ಪಿನಕಾಯಿಯ ರಸ ಹಾಕಿ ಕೊಟ್ಟಳು. ಎರಡು ತುತ್ತು ತಿಂದು, ಉಪ್ಪಿನಕಾಯಿ ಮುಗಿದುಹೋಯಿತಾ ಎಂದು ಕೇಳಿದರು. ಜ್ವರದ ಬಾಯಿ, ನಾಲ್ಕು ದಿನಕ್ಕೆ ಸರಿಹೋಗುತ್ತದೆ ಎಂದುಕೊಂಡೆವು. ನಾಲ್ಕು ತಿಂಗಳಾದರೂ ಸರಿಹೋಗಲಿಲ್ಲ. ಸಿಹಿ, ಖಾರ, ಉಪ್ಪು, ಕಹಿ, ಏನಿಟ್ಟರೂ ಒಂದೇ. ಮೂಗೂ ಹೋಗಿತ್ತು. ಬಾಯಿ ಸದಾ ಒಣಗಿ ತೊಗಲಿನ ಹಾಗಿದೆ ಎನ್ನುತ್ತಿದ್ದರು. ಡಾಕ್ಟರು ನರ ಸೋತಿದೆ ಎಂದು ಹೇಳಿ ಕೈ ಚೆಲ್ಲಿದರು. ಜೀವ ಉಳಿಯಿತಲ್ಲ, ಹೋದದ್ದು ನಾಲಿಗೆ ತಾನೆ ಎಂದು ಅಮ್ಮ ಹೇಳುವಳು, ಹೇಳಿ ತಮ್ಮನ ನೆನಪಾಗಿ ಒಲೆಯ ಕಡೆ ತಿರುಗಿಕೊಳ್ಳುವಳು. ಆದರೆ ಅಪ್ಪಯ್ಯನ ಹೊಟ್ಟೆಪಾಡು ಇದ್ದದ್ದೇ ಆ ನಾಲಿಗೆಯ ಮೇಲೆ. ರುಚಿ ಗೊತ್ತಾಗದ ಮಾಸ್ಟರನ್ನು ಯಾವ ಹೊಟೇಲಿನವರು ಇಟ್ಟುಕೊಳ್ಳುತ್ತಾರೆ? ವಿಷಯ ಹೊರಗೆ ಬಿದ್ದರೆ ಮೂವರೂ ಊರಿನ ಬಸ್ಸು ಹತ್ತಬೇಕು, ಅಲ್ಲಿ ನಮಗಾಗಿ ಕಾದವರು ಯಾರೂ ಇರಲಿಲ್ಲ. ಈ ಮಾತು ನಲ್ಲಿಯ ಹತ್ತಿರ ಬಾಯಿ ತಪ್ಪಿ ಬಂದರೂ ತೊಡೆಯ ಮೇಲೆ ಬರೆ ಎಳೆಯುತ್ತೇನೆ ಎಂದು ಅಮ್ಮ ನನಗೆ ಹೇಳಿದ್ದಳು, ಅವಳು ಹೇಳಿದರೆ ಎಳೆಯುವವಳೇ.

ಹೊಟೇಲಿನ ಕೆಲಸ ಅಪ್ಪಯ್ಯ ಹೇಗೋ ನಿಭಾಯಿಸಿದರು. ಪಾಕವನ್ನು ಬೆರಳುಗಳ ನಡುವಿನ ಎಳೆ ಹೇಳುತ್ತಿತ್ತು, ಎಣ್ಣೆಯ ಹದವನ್ನು ಸದ್ದು ಹೇಳುತ್ತಿತ್ತು, ಅಳತೆಗಳು ಎಷ್ಟೋ ವರ್ಷದಿಂದ ಕೈಯಲ್ಲಿದ್ದವು. ಮೊದಲ ತುಣುಕನ್ನು ಬಾಯಿಗೆ ಹಾಕಿ ತಲೆಯಾಡಿಸುವ ಅಭ್ಯಾಸವನ್ನೂ ಬಿಡಲಿಲ್ಲ, ಎಲ್ಲರೂ ನೋಡುತ್ತಿರುತ್ತಾರಲ್ಲ. ಕಷ್ಟವಿದ್ದದ್ದು ಮೇಲುದುರಿನಲ್ಲಿ. ಕೊಬ್ಬರಿ ಯಾವಾಗ ಕಮಟುತ್ತದೆ, ಎಳ್ಳು ಯಾವಾಗ ಕಹಿಯಾಗುತ್ತದೆ, ಅದನ್ನು ಕೈಯಾಗಲಿ ಕಣ್ಣಾಗಲಿ ಹೇಳಲಾರವು. ಆಗ ನಾನು ಅವರ ನಾಲಿಗೆಯಾದೆ. ದಿನಾ ಬೆಳಿಗ್ಗೆ ಅವರು ಹೊರಡುವ ಮೊದಲು ನಾನು ಬಾಯಿ ಮುಕ್ಕಳಿಸಿ ಅಡುಗೆಮನೆಯ ಹೊಸಿಲ ಹೊರಗೆ ಕೂರುವುದು, ಅವರು ಒಂದೊಂದು ಡಬ್ಬಿಯಿಂದ ಒಂದೊಂದು ಚಿಟಿಕೆಯನ್ನು ಮೇಲಿನಿಂದ ನನ್ನ ಅಂಗೈಗೆ ಹಾಕುವುದು. ಮೊದಮೊದಲು ಎಲ್ಲದಕ್ಕೂ ಚೆನ್ನಾಗಿದೆ ಎಂದುಬಿಡುತ್ತಿದ್ದೆ. ಅದಕ್ಕೆ ಅವರಿಗೆ ಸಿಟ್ಟು ಬರುತ್ತಿತ್ತು.

"ಚಂದ ಇತ್ತ್ ಅಂದ್ರೆ ಸಾಕಾತಿಲ್ಲೆ ಮಗಾ. ನಾಲ್ಗೆಯ ಎಲ್ಲಿ ಚಂದ, ಎಷ್ಟ್ ಹೊತ್ತ್ ಚಂದ, ಅದ್ ಹೇಳ್."

ಹಾಗೆ ಹೇಳಿಸಿ ಹೇಳಿಸಿ ಅವರು ನನಗೆ ರುಚಿ ಕಲಿಸಿದರು. ತುದಿಯಲ್ಲಿ ಸಿಹಿ, ನುಂಗಿದ ಮೇಲೆ ಗಂಟಲಲ್ಲಿ ಒಂಚೂರು ಕಹಿ, ಎರಡನೇ ಸಲ ಅಗಿದಾಗ ತುಪ್ಪ ಮುಂದೆ ಬರುತ್ತದೆ, ಹೀಗೆ ಹತ್ತು ವರ್ಷದ ಹುಡುಗಿ ವೈದ್ಯರಿಗೆ ರೋಗಿ ಹೇಳುವಷ್ಟು ವಿವರವಾಗಿ ಹೇಳುತ್ತಿದ್ದೆ. ಶಾಲೆಯಲ್ಲಿ ತಮಿಳು, ಓಣಿಯಲ್ಲಿ ತಮಿಳು, ಅಮ್ಮ ಕನ್ನಡದಲ್ಲಿ ಬೈದರೂ ನನ್ನ ಉತ್ತರ ತಮಿಳಿನಲ್ಲೇ. ಅಪ್ಪಯ್ಯನಿಗೆ ರುಚಿ ಹೇಳುವಾಗ ಮಾತ್ರ ನನಗೆ ಕನ್ನಡ ಬರುತ್ತಿತ್ತು, ಕಮಟು ಒಗರುಗಳನ್ನು ನಾನು ಅವರಿಂದಲೇ ಕಲಿತಿದ್ದೆ. ನಾನು ಬೇಡ ಎಂದರೆ ಒಂದು ಡಬ್ಬಿ ಪೂರ್ತಿ ಚರಂಡಿಗೆ ಹೋಗುತ್ತಿತ್ತು. ಅಷ್ಟು ದೊಡ್ಡ ಮನುಷ್ಯರು ನನ್ನ ಬಾಯಿ ನೋಡುತ್ತ ಕುಕ್ಕರಗಾಲಿನಲ್ಲಿ ಕೂತಿರುವುದು ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಅವರ ನಾಲಿಗೆ ಸರಿಹೋಗಲಿ ಎಂದು ಅಮ್ಮ ಹೊರುವ ಹರಕೆಗೆ ನಾನು ಕೈ ಮುಗಿಯುತ್ತಿದ್ದರೂ ಮನಸ್ಸಿನಲ್ಲಿ ಸರಿಹೋಗದಿರಲಿ ಎಂದುಕೊಳ್ಳುತ್ತಿದ್ದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಅಮ್ಮನಿಗೆ ಈ ಏರ್ಪಾಡು ಸುತರಾಂ ಇಷ್ಟವಿರಲಿಲ್ಲ. ಬಡಿಸುವ ಮೊದಲೇ ಬಾಯಿಗೆ ಹಾಕಿ ನೋಡುವ ಚಟ ಹತ್ತಿದ ಹೆಣ್ಣನ್ನು ಯಾರು ಮನೆಗೆ ಸೇರಿಸುತ್ತಾರೆ ಎಂದು ದಿನಕ್ಕೊಮ್ಮೆಯಾದರೂ ಜಗಳ ತೆಗೆಯುವಳು. ಹೊಟೇಲಿಗೆ ಹೋಗುವ ವಸ್ತುವಾದ್ದರಿಂದ ಹಲ್ಲು ಕಚ್ಚಿ ಸುಮ್ಮನಿದ್ದಳು. ದೇವರಿಗೆ ಹೋಗುವ ವಸ್ತುವಾದರೆ ಮಾತ್ರ ಕತೆ ಬೇರೆ. ನೈವೇದ್ಯಕ್ಕೆ ಮಾಡಿದ್ದನ್ನು ನಾವು ಬಾಯಿಗಿಡುವುದಿರಲಿ, ಮೂಸಿದರೂ ಎಂಜಲು. ಉಪ್ಪು ಹೆಚ್ಚೋ ಕಡಿಮೆಯೋ ಹಾಗೇ ಇಡಬೇಕು, ದೇವರ ದೃಷ್ಟಿ ಬಿದ್ದಮೇಲೆ ಎಲ್ಲವೂ ಸರಿಯಾಗುತ್ತದೆ ಎನ್ನುವಳು. ತಮ್ಮನಿಗೆ ಜ್ವರ ಬರುವ ಮುಂಚಿನ ಚೌತಿಗೆ ಯಾರೋ ಕಡುಬು ಮುಟ್ಟಿದ್ದರು, ಅದಕ್ಕೇ ಹಾಗಾಯಿತು ಎಂಬ ಅನುಮಾನ ಅವಳ ತಲೆಯಲ್ಲಿ ಕೂತಿತ್ತು. ಯಾರೋ ಎಂದರೆ ಯಾರು ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಳ್ಳುವವರ ಪೈಕಿ ನಾನು.

ನನಗೆ ಹತ್ತು ತುಂಬಿದ ವರ್ಷ ಕಾರ್ತಿಕದ ಮಳೆಯ ನಡುವೆ ಹೊಟೇಲಿಗೆ ಹೊಸದಾಗಿ ಒಂದು ಐಸ್‌ಕ್ರೀಮ್ ಹಾಲ್ ಕಟ್ಟಿಸಿದರು. ಗೋಡೆಗೆ ಕನ್ನಡಿ, ನೆಲಕ್ಕೆ ಮೊಸಾಯಿಕ್. ಬಾಗಿಲು ತೆರೆಯುವ ದಿನ ಬೆಳಿಗ್ಗೆ ಅಲ್ಲೇ ಸತ್ಯನಾರಾಯಣ ಪೂಜೆ. ನೈವೇದ್ಯಕ್ಕೆ ರವೆ, ಸಕ್ಕರೆ, ಹಾಲು, ತುಪ್ಪ, ಬಾಳೆಹಣ್ಣಿನ ಸಪಾದ ಆಗಲೇಬೇಕು, ಅದನ್ನು ಪುರೋಹಿತರ ಮನೆಯವರು ಅಲ್ಲೇ ಮಾಡುವುದೆಂದಾಯಿತು. ಬಂದ ದೊಡ್ಡವರಿಗೆಲ್ಲ ಹೊಸ ಹಾಲ್‌ನ ವಿಶೇಷ ಏನೆಂದು ಪ್ರಸಾದದಲ್ಲೇ ಗೊತ್ತಾಗಬೇಕು, ಸಪಾದದ ಮೇಲೆ ನಿಮ್ಮ ಮೇಲುದುರು ಬೀಳಬೇಕು, ಅದನ್ನೂ ಮಡಿಯಲ್ಲಿ ಮಾಡಿ ತನ್ನಿ, ದೇವರಿಗೆ ತೋರಿಸಿಯೇ ಎಲ್ಲರಿಗೂ ಹಂಚೋಣ ಎಂದು ಧಣಿಗಳು ಅಪ್ಪಯ್ಯನಿಗೆ ಹೇಳಿದರು. ಹೊಸ ಹಾಲ್‌ಗೆ ಅಪ್ಪಯ್ಯನೇ ಮುಖ್ಯ ಮಾಸ್ಟರ್ ಎಂಬ ಮಾತೂ ಆಗಿತ್ತು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಈ ಸುದ್ದಿ ಹೇಳಿದರು. ಅಮ್ಮ ದೇವರ ಮುಂದೆ ದೀಪ ಹಚ್ಚಿದಳು.

ಪೂಜೆಯ ಹಿಂದಿನ ದಿನ ಅಮ್ಮ ಹೊರಗಾದಳು. ಹೊರಗಾದರೆ ಮೂರು ದಿನ ಓಣಿಯ ಮೂಲೆಯಲ್ಲಿ ಚಾಪೆ, ತಟ್ಟೆ, ಚೊಂಬು ಇಟ್ಟುಕೊಂಡು ಕೂರುವುದು, ಅಡುಗೆಮನೆಯತ್ತ ಕಾಲಿಡುವಂತಿಲ್ಲ. ಆ ದಿನಗಳಲ್ಲಿ ನೀರು ತುಂಬುವುದು, ಅಕ್ಕಿ ತೊಳೆಯುವುದು ನನ್ನ ಪಾಲಿಗೆ. ಹಿಂದಿನ ಸಂಜೆ ಕೊಡದ ನೀರು ಚಹದ ಬಣ್ಣಕ್ಕಿತ್ತು. ಪಟಿಕ ಆಡಿಸಿ ಸೀಸೆಯನ್ನು ಮತ್ತೆ ಹಲಗೆಯ ಮೇಲಿಟ್ಟವಳು ನಾನು, ಎಲ್ಲಿ ಇಟ್ಟೆ ಎಂದು ನೋಡಲಿಲ್ಲ. ಕಲ್ಲುಸಕ್ಕರೆಯದೂ ಅಂಥದೇ ಅಗಲ ಬಾಯಿಯ ಸೀಸೆ, ಒಳಗಿನ ಗಟ್ಟಿಗಳೂ ನೋಡಲು ಒಂದೇ. ಮಾಮೂಲಿ ದಿನಗಳಲ್ಲಿ ಅಮ್ಮನೋ ನಾನೋ ಸೀಸೆ ತೆಗೆದುಕೊಡುತ್ತಿದ್ದೆವು. ಆ ಬೆಳಿಗ್ಗೆ ಅಪ್ಪಯ್ಯ ನಲ್ಲಿಯಲ್ಲಿ ತಲೆಗೆ ನೀರು ಸುರಿದುಕೊಂಡು ಒದ್ದೆ ಪಂಚೆಯಲ್ಲಿ ಒಬ್ಬರೇ ಅಡುಗೆಮನೆ ಹೊಕ್ಕರು. ನಾನು ಮಡಿಯಲ್ಲಿ ಇರಲಿಲ್ಲವಾದ್ದರಿಂದ ಹೊಸಿಲ ಹೊರಗೆ ಕೂತೆ. ಅಕ್ಕಿ ಡಬ್ಬಿಯ ಎಡಗಡೆಯ ಸೀಸೆ ಎಂದು ಅಮ್ಮ ಮೂಲೆಯಿಂದಲೇ ಕೂಗಿ ಹೇಳಿದಳು. ಅವರು ಎಡಗಡೆಯದನ್ನೇ ತೆಗೆದುಕೊಂಡರು.

ಕೊಬ್ಬರಿ, ಬೀಜ, ಗೋಡಂಬಿ ಎಲ್ಲ ಹುರಿದಾಗಿತ್ತು. ಕೊನೆಗೆ ಅಪ್ಪಯ್ಯ ಕಲ್ಲಿನ ಕುಟ್ಟಾಣಿಯಲ್ಲಿ ಗಟ್ಟಿಗಳನ್ನು ಒಡೆಯತೊಡಗಿದರು. ಒಂದು ಹರಳು ಸಿಡಿದು ಹೊಸಿಲು ದಾಟಿ ನನ್ನ ಕಾಲ ಬಳಿ ಬಿತ್ತು. ಎರಡು ವರ್ಷದ ಅಭ್ಯಾಸ, ಕೈ ನನ್ನನ್ನು ಕೇಳಲಿಲ್ಲ. ಎತ್ತಿ ಬಾಯಿಗೆ ಹಾಕಿಕೊಂಡೆ. ನಾಲಿಗೆ ಹಿಡಿದು ಹಿಂಡಿದ ಹಾಗಾಯಿತು. ಒಗರು. ಹಿಂದಿನಿಂದ ಒಂಚೂರು ಹುಳಿ, ದವಡೆಯ ಎರಡೂ ಬದಿ ಒಳಕ್ಕೆ ಸೆಳೆದುಕೊಂಡವು. ಪಟಿಕವೆಂದು ಆ ಕ್ಷಣವೇ ಗೊತ್ತಾಯಿತು. ಅಪ್ಪಯ್ಯ ನನಗೆ ಬೆನ್ನು ಹಾಕಿ ಕೂತಿದ್ದರು, ಒದ್ದೆ ಬೆನ್ನು. ಕುಟ್ಟಿದ್ದನ್ನು ಇನ್ನೂ ಬೆರೆಸಿರಲಿಲ್ಲ. ಒಂದೇ ಒಂದು ಮಾತು ಹೇಳಬೇಕಿತ್ತು. ಹೇಳಿದರೆ, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ದೇವರ ವಸ್ತುವನ್ನು ಬಾಯಿಗೆ ಹಾಕಿದೆ ಎನ್ನಬೇಕು. ಮೂಲೆಯಲ್ಲಿ ಕೂತ ಅಮ್ಮನಿಗೆ ಕೇಳಿಸುತ್ತದೆ. ಬರೆಯ ಭಯ ಅಷ್ಟಿರಲಿಲ್ಲ. ತಮ್ಮನ ಕಡುಬಿನ ಮಾತನ್ನು ಅವಳು ಈ ಸಲ ಬಾಯಿ ಬಿಟ್ಟು ಹೇಳಿಬಿಡುತ್ತಾಳೆ ಎಂದು ಹೆದರಿದೆ. ಅಷ್ಟರಲ್ಲಿ ಅಪ್ಪಯ್ಯ ಕುಟ್ಟಿದ್ದನ್ನು ತಟ್ಟೆಗೆ ಸುರಿದು, ಕೈಯಲ್ಲಿ ಬೆರೆಸಿ, ಎಂದಿನಂತೆ ಒಂದು ಚಿಟಿಕೆ ತೆಗೆದು ನನ್ನ ಕಡೆ ತಿರುಗಿದರು. ತಿರುಗಿದವರು ನೆನಪಾಗಿ ಕೈ ಹಿಂದೆ ತೆಗೆದುಕೊಂಡರು.

"ಇವತ್ತ್ ನಿನ್ ಕೆಲ್ಸ ಇಲ್ಲೆ ಮಗಾ. ಇವತ್ತ್ ಮೊದ್ಲ್ ದೇವ್ರೇ ರುಚಿ ಕಾಂಬುದ್."

ನಾನು ತಲೆಯಾಡಿಸಿದೆ. ಹರಳು ಇನ್ನೂ ಬಾಯಿಯಲ್ಲೇ ಇತ್ತು. ದೇವರ ದೃಷ್ಟಿ ಬಿದ್ದಮೇಲೆ ಎಲ್ಲವೂ ಸರಿಯಾಗುತ್ತದೆ ಎಂದು ಅಮ್ಮನೇ ಹೇಳಿದ್ದಳಲ್ಲ, ಸರಿಯಾಗಲಿ ಎಂದುಕೊಂಡೆ. ಅಪ್ಪಯ್ಯನ ಜೊತೆ ಛತ್ರಿಯಡಿ ಹೊಟೇಲಿಗೆ ಹೋಗುವ ದಾರಿಯುದ್ದಕ್ಕೂ, ಪೂಜೆ ನಡೆದ ಅಷ್ಟು ಹೊತ್ತೂ, ನಾನು ಕಂಬದ ಹತ್ತಿರ ಹೆಂಗಸರ ನಡುವೆ ಕೂತು ಒಂದನ್ನೇ ಬೇಡಿದೆ: ಇದನ್ನು ಸಿಹಿ ಮಾಡು, ಇನ್ನೆಂದೂ ಏನೂ ಕೇಳುವುದಿಲ್ಲ. ನಾನು ಅಷ್ಟು ಮನಸ್ಸಿಟ್ಟು ದೇವರನ್ನು ಬೇಡಿದ್ದು ಅದೇ ಮೊದಲು, ಅದೇ ಕೊನೆ.

ಪ್ರಸಾದವನ್ನು ಅಲಕ್ಷ್ಯ ಮಾಡಿದವರ ಗತಿ ಏನಾಯಿತೆಂಬ ಕತೆಯನ್ನು ಪುರೋಹಿತರು ಆಗಷ್ಟೇ ಓದಿ ಮುಗಿಸಿದ್ದರು. ಮಂಗಳಾರತಿಯಾಗಿ ಬಾಳೆಲೆಯ ದೊನ್ನೆಗಳಲ್ಲಿ ಸಪಾದ ಬಂತು, ಮೇಲೆ ಮಿಣಮಿಣ ಎನ್ನುವ ಮೇಲುದುರು. ಮೊದಲು ಧಣಿಗಳ ತಾಯಿ, ಆಮೇಲೆ ಧಣಿಗಳು, ಆಮೇಲೆ ಜರಿ ಪಂಚೆಯ ದೊಡ್ಡವರು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿದರು. ಮುದುಕಿಯ ಮುಖ ಒಮ್ಮೆ ಮುದುಡಿತು. ಧಣಿಗಳ ದವಡೆ ನಿಂತಿತು. ಒಬ್ಬೊಬ್ಬರದಾಗಿ ಆ ಸಾಲಿನುದ್ದಕ್ಕೂ ತುಟಿಗಳು ಬಿಗಿದುಕೊಳ್ಳುತ್ತ ಹೋದದ್ದನ್ನು ನಾನು ಕನ್ನಡಿಯಲ್ಲೂ ಎದುರಿಗೂ ಎರಡೆರಡು ಸಲ ನೋಡಿದೆ. ಯಾರೂ ಉಗುಳಲಿಲ್ಲ. ಪ್ರಸಾದವನ್ನು ಉಗುಳುವುದುಂಟೇ? ಕಷ್ಟಪಟ್ಟು ನುಂಗಿ, ನೀರು ಕೇಳಿ, ಒಬ್ಬರ ಮುಖ ಒಬ್ಬರು ನೋಡದೆ ಕೂತರು. ಧಣಿಗಳ ಮೊಮ್ಮಗ, ಇನ್ನೂ ನಡೆಯಲು ಕಲಿಯುತ್ತಿದ್ದ ಮಗು, ಹೊಸ ನೆಲದ ಮೇಲೆ ಎಲ್ಲವನ್ನೂ ಉಗುಳಿ ಅಳತೊಡಗಿತು. ಆ ಅಳು ಹಾಲ್ ತುಂಬ ಕೇಳಿಸಿತು.

ಅಪ್ಪಯ್ಯ ಬಾಗಿಲ ಹತ್ತಿರ ಒದ್ದೆ ತಲೆಯಲ್ಲಿ ಕೈಕಟ್ಟಿ ನಿಂತಿದ್ದರು. ಜನರೇಕೆ ನೀರು ಕೇಳುತ್ತಿದ್ದಾರೆಂದು ಅವರಿಗೆ ಅರ್ಥವಾಗಿರಲಿಲ್ಲ. ಧಣಿಗಳು ಕೆಟ್ಟವರಲ್ಲ, ಕೂಗಾಡುವ ಜಾತಿಯೂ ಅಲ್ಲ. ಎದ್ದು ಹೋಗಿ ಒಂದು ದೊನ್ನೆಯನ್ನು ಅಪ್ಪಯ್ಯನ ಕೈಗಿಟ್ಟರು.

"ಮಾಸ್ಟ್ರೇ, ಇದನ್ನ ಸ್ವಲ್ಪ ಬಾಯಿಗ್ ಹಾಯ್ಕಣಿ."

ಅಪ್ಪಯ್ಯ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿದರು. ನಿಧಾನವಾಗಿ ಅಗಿದರು. ಎಲ್ಲರೂ ನೋಡುತ್ತಿದ್ದರು. ಅಪ್ಪಯ್ಯನ ಕಣ್ಣು ಜನರ ತಲೆಗಳನ್ನು ದಾಟಿ ಹೆಂಗಸರ ಕಡೆ ಬಂತು, ಕಂಬದ ಹತ್ತಿರ ನನ್ನನ್ನು ಹಿಡಿಯಿತು. ಏನು, ಎಲ್ಲಿ, ಎಷ್ಟು ಹೊತ್ತು ಎಂದು ದಿನಾ ಕೇಳುವ ಅದೇ ನೋಟ. ನಾನು ಒಂದು ಸಲ ತಲೆ ಅಡ್ಡಡ್ಡ ಆಡಿಸಿದ್ದರೆ ಸಾಕಿತ್ತು, ತಪ್ಪಾಗಿದೆ ಎಂದು ಅವರಿಗೆ ತಿಳಿಯುತ್ತಿತ್ತು, ಸೀಸೆ ಬದಲಾಯಿತು ಧಣಿ ಎಂದು ಕೈ ಮುಗಿಯುತ್ತಿದ್ದರು, ಕೈತಪ್ಪು ಯಾರಿಗೆ ಆಗುವುದಿಲ್ಲ ಎಂದು ಅದು ಅಲ್ಲಿಗೆ ಮುಗಿಯುತ್ತಿತ್ತು. ನಾನು ನೆಲ ನೋಡಿದೆ.

"ಹ್ಯಾಂಗಿತ್ತ್?" ಎಂದು ಧಣಿಗಳು ಕೇಳಿದರು.

"ಸಮಾ ಇತ್ತಲ್ದೇ," ಎಂದರು ಅಪ್ಪಯ್ಯ. ಆಮೇಲೆ, ವಿನಯಕ್ಕೆ ಇನ್ನೊಂದು ಮಾತು ಇರಲೆಂದು, "ಕಲ್ಸಕ್ರೆ ಒಂಚೂರ್ ಹೆಚ್ಚಾಯ್ತಾ ಏನೋ."

ಜರಿ ಪಂಚೆಯವರಲ್ಲಿ ಯಾರೋ ನಕ್ಕರು. ಧಣಿಗಳು ನಗಲಿಲ್ಲ. ಅಪ್ಪಯ್ಯನ ಹತ್ತಿರಕ್ಕೆ ಸರಿದು, ತಗ್ಗಿದ ದನಿಯಲ್ಲಿ ಕೇಳಿದರು:

"ಎಷ್ಟ್ ದಿನ ಆಯ್ತ್ ಮಾಸ್ಟ್ರೇ?"

ಅಪ್ಪಯ್ಯ ಕೈಯಲ್ಲಿದ್ದ ದೊನ್ನೆಯನ್ನು ನೋಡಿದರು, ಅದರಲ್ಲಿ ಉಳಿದಿದ್ದನ್ನೂ ಬಾಯಿಗೆ ಹಾಕಿಕೊಂಡು ಪೂರ್ತಿ ತಿಂದರು. ದೊನ್ನೆಯನ್ನು ಮಡಚಿ ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಕೈ ಹಿಡಿದು ಹೊರಗೆ ಬಂದರು.

ಮನೆಗೆ ಬಂದಾಗ ಅಮ್ಮ ಮೂಲೆಯಿಂದಲೇ ಎಲ್ಲ ಆಯಿತಾ ಎಂದು ಕೇಳಿದಳು. ಅಪ್ಪಯ್ಯ ಅಡುಗೆಮನೆಗೆ ಹೋಗಿ ಎರಡೂ ಸೀಸೆಗಳನ್ನು ತಂದು ಬೆಳಕಿಗಿಟ್ಟರು. ಖಾಲಿಯಾದದ್ದು ಪಟಿಕದ ಸೀಸೆಯೆಂದು ಅಮ್ಮನಿಗೆ ನೋಡಿದ ಕೂಡಲೇ ಗೊತ್ತಾಯಿತು. ಅವಳು ಮುಟ್ಟುವಂತಿರಲಿಲ್ಲ, ಇಲ್ಲದಿದ್ದರೆ ನನ್ನ ಕೂದಲು ಹಿಡಿಯುತ್ತಿದ್ದಳು. ಈ ಸೀಸೆ ಇಲ್ಲಿಟ್ಟವಳು ಯಾರು, ಬೆಳಿಗ್ಗೆ ಹೊಸಿಲಲ್ಲಿ ಕೂತು ಏನು ಮಾಡುತ್ತಿದ್ದೆ, ಇಂಥ ನಾಲಿಗೆಯವಳಿಗೆ ಗೊತ್ತಾಗಲಿಲ್ಲವಾ, ಬಾಯಿಗೆ ಹಾಕಿದ್ದೆ ತಾನೆ, ನಿಜ ಹೇಳು ಎಂದು ಕೂತಲ್ಲಿಂದಲೇ ಹರಿಹಾಯ್ದಳು. ಅಪ್ಪಯ್ಯನೂ ನನ್ನನ್ನು ನೋಡಿದರು.

"ಇಲ್ಲಪ್ಪಾ, ಎನಕ್ಕು ತೆರಿಯಾದು," ಎಂದೆ. ಇಲ್ಲ, ನನಗೆ ಗೊತ್ತಿಲ್ಲ. ಅವರ ಜೊತೆ ರುಚಿಯ ವಿಷಯಕ್ಕೆ ನಾನು ತಮಿಳಿನಲ್ಲಿ ಮಾತಾಡಿದ್ದು ಅದೇ ಮೊದಲು. ಅದು ಅವರ ಗಮನಕ್ಕೆ ಬರಲಿಲ್ಲ.

"ಅದರ ತಂಟೆಗ್ ಹೋಗ್ಬ್ಯಾಡ," ಎಂದು ಅಪ್ಪಯ್ಯ ಅಮ್ಮನಿಗೆ ಹೇಳಿದರು. "ದೇವ್ರಿಗಿಟ್ಟದ್ದನ್ನ ಮುಟ್ಟುವ ಮಗು ಅಲ್ಲ ಅದ್. ಪ್ರಸಾದ ತಿಂಬಾಗ ಬಾಯಿ ಬಿಗ್ದದ್ದ್ ನಂಗೂ ಗೊತ್ತಾಯ್ತ್. ಹೆದ್ರಿಕಿಗೆ ಅಂದ್ಕಂಡೆ."

ಅಮ್ಮ ಗೋಡೆಯ ಕಡೆ ಮುಖ ಮಾಡಿ ಚಾಪೆಯ ಮೇಲೆ ಮಲಗಿದಳು. ಅವಳು ನಂಬಿದಳೋ ಇಲ್ಲವೋ ಕೊನೆಯವರೆಗೂ ನನಗೆ ತಿಳಿಯಲಿಲ್ಲ. ಅಪ್ಪಯ್ಯ ನಂಬಿದರು. ಅವತ್ತು ಬರೆ ಎಳೆದಿದ್ದರೆ ಚೆನ್ನಾಗಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಧಣಿಗಳು ಅಪ್ಪಯ್ಯನನ್ನು ಕೆಲಸದಿಂದ ತೆಗೆಯಲಿಲ್ಲ. ಹಳೆಯ ಮನುಷ್ಯ, ಊರಿನವನು ಎಂದು ಹಿತ್ತಿಲ ಕಡೆ ಹಿಟ್ಟು ರುಬ್ಬುವಲ್ಲಿಗೆ ಹಾಕಿದರು. ಹೊಸ ಹಾಲ್‌ಗೆ ಬೇರೆ ಮಾಸ್ಟರ್ ಬಂದ. ನಲವತ್ತು ದಾಟಿದ ಅಪ್ಪಯ್ಯ ಹದಿನೆಂಟರ ಹುಡುಗರ ಪಕ್ಕದಲ್ಲಿ ಕೂತು ದೊಡ್ಡ ಗುಂಡುಕಲ್ಲು ತಿರುಗಿಸತೊಡಗಿದರು. ಬರುವಾಗ ಮೈಯೆಲ್ಲ ಹುಳಿಹಿಟ್ಟಿನ ವಾಸನೆ, ಅದು ಅವರಿಗೆ ಗೊತ್ತಾಗುತ್ತಿರಲಿಲ್ಲ, ಅಮ್ಮ ಹೇಳುತ್ತಲೂ ಇರಲಿಲ್ಲ. ಬಲಭುಜ ಎಡಕ್ಕಿಂತ ಕೆಳಗಿಳಿಯಿತು. ಹೊಟೇಲಿನ ಹುಡುಗರು ಅವರಿಗೆ ಪಟಿಕ ಮಾಸ್ಟರ್ ಎಂದು ಹೆಸರಿಟ್ಟಿದ್ದರು. ಇದನ್ನು ನಮ್ಮ ಸ್ಟೋರಿನ ಮಕ್ಕಳೂ ಕಲಿತರು, ನಾನು ಶಾಲೆಗೆ ಹೋಗುವಾಗ ನನ್ನ ಹಿಂದೆ ಕೂಗಿದರು. ಮಾಳಿಗೆಯ ಮೇಲೆ ಬೀಜ ಒಣಗುವುದು ನಿಂತಿತು, ಡಬ್ಬಿಗಳಲ್ಲಿ ಅಮ್ಮ ರಾಗಿ, ಮೆಣಸು ತುಂಬಿಸಿದಳು. ನನಗೆ ಇವೆಲ್ಲಕ್ಕಿಂತ ಕಷ್ಟವಾದದ್ದು, ಅಪ್ಪಯ್ಯ ನನ್ನನ್ನು ಏನನ್ನೂ ಕೇಳದೆ ಹೋದದ್ದು. ಊಟಕ್ಕೆ ಕೂತರೆ ಬಡಿಸಿದ್ದನ್ನು ಕಲಸಿ ತಿಂದು ಏಳುವರು. ಸಾರು ಹೇಗಿದೆ ಎಂದು ನಾನಾಗಿ ಹೇಳಲು ಹೊರಟರೆ, ಯಾವುದಾದರೇನು ಮಗಾ, ಹೊಟ್ಟೆಗೆ ತಾನೆ ಎನ್ನುವರು. ಮಗುವಿನ ತಲೆಯ ಮೇಲೆ ಅಷ್ಟು ಭಾರ ಹೊರಿಸಿದ್ದು ತನ್ನ ತಪ್ಪು ಎಂದು ಅವರು ಅಮ್ಮನ ಹತ್ತಿರ ಹೇಳಿದ್ದನ್ನು ಒಮ್ಮೆ ಬಾಗಿಲ ಹಿಂದಿನಿಂದ ಕೇಳಿಸಿಕೊಂಡೆ. ಹೋಗಿ ಕಾಲಿಗೆ ಬೀಳಬೇಕೆನ್ನಿಸಿತು. ಬೀಳಲಿಲ್ಲ. ದಿನ ಕಳೆದಂತೆ ಹೇಳುವುದು ಸುಲಭವಾಗುತ್ತದೆ ಎಂದು ಕಾದೆ, ಅದು ಪ್ರತಿ ವರ್ಷ ಇನ್ನೊಂದಿಷ್ಟು ಕಷ್ಟವಾಯಿತು. ಹೇಳಬೇಕಾದ ಒಂದು ಮಾತನ್ನು ಹೇಳಬೇಕಾದ ಹೊತ್ತಿನಲ್ಲಿ ಹೇಳದೆ ಉಳಿಯುವವಳು ನಾನು ಎಂಬುದು ನನಗೆ ಹತ್ತನೆಯ ವಯಸ್ಸಿಗೇ ಗೊತ್ತಾಗಿಬಿಟ್ಟಿತು. ಆಮೇಲಿನ ಬದುಕಿನಲ್ಲಿ ಅದು ಸುಳ್ಳಾಗಲಿಲ್ಲ.

ನನಗೆ ಹತ್ತೊಂಬತ್ತಾದಾಗ ಪೆರಂಬೂರಿನ ರೈಲ್ವೆ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ ನಮ್ಮ ಕಡೆಯ ಹುಡುಗ ತಾಯಿ ತಂದೆಯ ಜೊತೆ ನನ್ನನ್ನು ನೋಡಲು ಬಂದ. ಒಳ್ಳೆಯ ಸಂಬಂಧ, ಕೈತಪ್ಪಿದರೆ ಇನ್ನೊಂದು ಬರುವ ಭರವಸೆಯಿಲ್ಲ ಎಂದು ಅಮ್ಮ ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಬಂದವರು ಕಟ್ಟುನಿಟ್ಟಿನ ಆಚಾರದವರು. ಹುಡುಗನ ತಾಯಿ ಓಣಿ, ನಲ್ಲಿ, ದೇವರ ಗೂಡು ಎಲ್ಲವನ್ನೂ ಕಣ್ಣಲ್ಲೇ ಅಳೆದರು. ನಾನು ಕೇಸರಿಬಾತಿನ ತಟ್ಟೆ ಹಿಡಿದು ಹೊರಗೆ ಬಂದೆ. ಹೊಟೇಲಿನಲ್ಲಿ ಬೆಳೆದ ಹುಡುಗಿ, ಮಡಿ ಮೈಲಿಗೆ ಗೊತ್ತುಂಟೋ ಎಂದು ಆಕೆ ಅಮ್ಮನನ್ನು ಕೇಳಿದರು. ಅಮ್ಮ ಸೆರಗು ಹೊಸೆಯುತ್ತ ನಿಂತಳು. ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಅಪ್ಪಯ್ಯ, ವರ್ಷಗಟ್ಟಲೆ ನಾಲ್ಕು ಜನರ ಮುಂದೆ ಬಾಯಿ ತೆರೆಯದವರು, ಆ ದಿನ ಗಂಟಲು ಸರಿಮಾಡಿಕೊಂಡರು.

"ಅಮ್ಮಾ, ನನ್ ಮಗಳ್ ಹುಟ್ಟಿದಲ್ಲಿಂದ ದೇವ್ರಿಗಿಟ್ಟ ಒಂದ್ ಹರಳನ್ನೂ ಬಾಯಿಗ್ ಹಾಕ್ದವಳಲ್ಲ. ಹಾಕಿದ್ರೆ ನಾನ್ ಇವತ್ತಿಗೂ ಸರಕು ಮಾಸ್ಟ್ರೇ ಆಗಿರ್ತಿದ್ದೆ. ಕೇಣಿ, ಹೇಳ್ತೆ."

ಹೇಳಿದರು. ಪೂಜೆ, ಸೀಸೆ, ದೊನ್ನೆ, ತಾನು ಎಲ್ಲರ ಮುಂದೆ ಅಗಿದು ಸಮಾ ಇದೆ ಎಂದದ್ದು, ಜನ ನಕ್ಕದ್ದು, ಗುಂಡುಕಲ್ಲು, ಹುಡುಗರು ಇಟ್ಟ ಹೆಸರು ಕೂಡ. ನಮ್ಮ ಮನೆಯಲ್ಲಿ ಯಾರೂ ಎತ್ತದ ಮಾತುಗಳನ್ನೆಲ್ಲ ನನ್ನ ಮದುವೆಯಾಗಲೆಂದು ತನ್ನ ಬಾಯಿಂದಲೇ ಒಂದೊಂದಾಗಿ ತೆಗೆದು ಪರರ ಮುಂದೆ ಇಟ್ಟರು. ಹೇಳುವಾಗ ಅವರಿಗೆ ನಾಚಿಕೆಯಿರಲಿಲ್ಲ, ನನ್ನ ಬಗ್ಗೆ ಹೆಮ್ಮೆಯೇ ಇತ್ತು. ನಾನು ತಟ್ಟೆ ಹಿಡಿದುಕೊಂಡು ಅವರ ಎದುರಿಗೇ ನಿಂತಿದ್ದೆ. ಅಪ್ಪಯ್ಯಾ, ನಾನು ಹಾಕಿದ್ದೆ ಎನ್ನುವ ಮಾತು ತುಟಿಯವರೆಗೆ ಬಂತು. ಮುಖ ಎತ್ತಲಾಗಲಿಲ್ಲ. ಕತ್ತು ಬಗ್ಗಿಸಿ, ಗಲ್ಲ ಎದೆಗೆ ತಾಗುವಷ್ಟು ಬಗ್ಗಿಸಿ ನಿಂತೆ. ಹುಡುಗನ ತಾಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮೊದಲ ಸಲ ಮುಗುಳ್ನಕ್ಕರು.

"ಹೊಗಳಿಕೆ ಕೇಂಡೂ ತಲಿ ಎತ್ತದ ಹೆಣ್ಣ್," ಎಂದರು ಗಂಡನಿಗೆ. "ನಮ್ಗ್ ಇದೇ ಸಾಕ್."